ಎಸ್ಟೀಮ್‌ಗೆ ಫೋರ್ಜ್ಡ್ ಪಿಸ್ಟನ್, ಹೊಸ ರಾಡ್: ಪುಣೆಯಲ್ಲಿ ಕೆಲವು ವರ್ಷ ಓಡಿಸಿದ ಮೇಲೆ

ನನ್ನದು 16 ವಾಲ್ವ್‌ನ ಹಳೆಯ ಮಾರುತಿ ಎಸ್ಟೀಮ್. ವಾರವೆಲ್ಲ ಪಿಂಪ್ರಿಯ ಆಫೀಸಿಗೆ ಓಡುತ್ತದೆ. ಹಬ್ಬಕ್ಕೆ ಹುಬ್ಬಳ್ಳಿಗೆ ಹೋಗುತ್ತದೆ. ಆಗಾಗ ಆಟೊಕ್ರಾಸ್‌ಗೂ (ಸಮಯ ಲೆಕ್ಕ ಹಾಕುವ ಸಣ್ಣ ಟ್ರ್ಯಾಕ್‌ನ ಸ್ಪರ್ಧೆ) ಇಳಿಯುತ್ತದೆ. ಫುಲ್ ಎಂಜಿನ್ ಕೆಲಸ ಮಾಡಿಸುವಾಗ ಫೋರ್ಜ್ಡ್ (ಎರಕ ಹೊಯ್ಯದೆ ಲೋಹವನ್ನು ಒತ್ತಿ ರೂಪಿಸಿದ) ಪಿಸ್ಟನ್ ಮತ್ತು H ಆಕಾರದ ಎಚ್-ಬೀಮ್ ರಾಡ್ ಹಾಕಿಸಿದೆ. ರಾಡ್ ಅಂದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ, ಅಂದರೆ ಎಂಜಿನ್‌ನ ತಿರುಗುವ ದಂಡಕ್ಕೆ, ಜೋಡಿಸುವ ಕೋಲು. ಅದಾಗಿ ಕೆಲವು ಮಳೆಗಾಲ ಕಳೆದಿವೆ. ನನಗೆ ಪೂರ್ತಿ ಸಮಾಧಾನವಿದೆ. ಪಿಸ್ಟನ್, ರಾಡ್, ಬ್ಲಾಕ್ ಮೂರೂ ಒಂದಕ್ಕೊಂದು ಸರಿಯಾಗಿ ಕೂತಿವೆ, ಅದೇ ಮುಖ್ಯ ಕಾರಣ.

ಈ ಜಿ13ಬಿಬಿ ಎಂಜಿನ್‌ನ ಬೋರ್ (ಸಿಲಿಂಡರ್‌ನ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5 ಮಿ.ಮೀ., ಒಟ್ಟು 1298 ಸಿಸಿ. ಹಳೆಯ 8 ವಾಲ್ವ್ ಎಂಜಿನ್ ಕೂಡ ಇಷ್ಟೇ ಸಿಸಿ. ಹಾಗಂತ ಅದರ ಪಿಸ್ಟನ್ ಇದಕ್ಕೆ ಹಾಕಬೇಡಿ. ಹೆಡ್ (ವಾಲ್ವ್‌ಗಳಿರುವ, ಬ್ಲಾಕ್‌ನ ಮೇಲೆ ಕೂರುವ ಭಾಗ) ಬೇರೆ, ಆದ್ದರಿಂದ ಪಿಸ್ಟನ್ ತಲೆಯ ಮೇಲಿನ ವಾಲ್ವ್ ಪಾಕೆಟ್ (ವಾಲ್ವ್ ತಗಲದಂತೆ ಬಿಟ್ಟ ಗುಳಿ) ಕೂಡ ಬೇರೆ.

ಕ್ರ್ಯಾಂಕ್‌ನ ನಡುವಿನಿಂದ ಬ್ಲಾಕ್‌ನ ಮೇಲ್ಭಾಗದವರೆಗಿನ ಎತ್ತರದಲ್ಲಿ ಮೂರು ಅಳತೆ ಹಿಡಿಸಬೇಕು: ಸ್ಟ್ರೋಕ್‌ನ ಅರ್ಧ, ರಾಡ್‌ನ ಉದ್ದ, ಗಜನ್ ಪಿನ್ (ಪಿಸ್ಟನ್ನನ್ನು ರಾಡ್‌ಗೆ ಸೇರಿಸುವ ಪಿನ್) ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ. ಮೊದಲನೆಯದು 37.75 ಮಿ.ಮೀ., ಕ್ರ್ಯಾಂಕ್ ಬದಲಿಸದಿದ್ದರೆ ಅದು ಬದಲಾಗುವುದಿಲ್ಲ. ಹಾಗಾಗಿ ರಾಡ್ 1 ಮಿ.ಮೀ. ಉದ್ದವಾದರೆ ಪಿಸ್ಟನ್‌ನ ಆ ಎತ್ತರ 1 ಮಿ.ಮೀ. ಕಡಿಮೆ ಇರಲೇಬೇಕು. ಇಲ್ಲದಿದ್ದರೆ ಪಿಸ್ಟನ್ ಹೆಡ್‌ಗೇ ಬಡಿಯಬಹುದು. ರಾಡ್ ಒಂದು ಕಡೆ, ಪಿಸ್ಟನ್ ಇನ್ನೊಂದು ಕಡೆ ಕೊಂಡರೆ ಬಹಳ ಜನ ತೊಂದರೆಗೆ ಸಿಕ್ಕುವುದು ಇಲ್ಲೇ. ಪಿನ್‌ನ ದಪ್ಪ, ರಾಡ್‌ನ ಸಣ್ಣ ತುದಿಯ ಅಗಲ, ಬಿಗ್ ಎಂಡ್ (ಕ್ರ್ಯಾಂಕ್‌ಗೆ ಸೇರುವ ದೊಡ್ಡ ತುದಿ) ಬೇರಿಂಗ್‌ನ ಅಳತೆ ಎಲ್ಲವನ್ನೂ ದುಡ್ಡು ಕೊಡುವ ಮುಂಚೆ ಬರೆಸಿಕೊಳ್ಳಿ. ಪಿನ್ ಪ್ರೆಸ್ ಫಿಟ್ಟೋ (ರಾಡ್‌ನಲ್ಲಿ ಬಿಗಿಯಾಗಿ ಕೂರುವುದು), ಫ್ಲೋಟಿಂಗೋ (ಸಡಿಲವಾಗಿ ತಿರುಗುವುದು) ಅಂತಲೂ ಕೇಳಿ. ನನ್ನದು ಫ್ಲೋಟಿಂಗ್. ಅದಕ್ಕೆ ರಾಡ್‌ನಲ್ಲಿ ಕಂಚಿನ ಬುಶ್ (ಒಳಗೆ ಕೂರುವ ತೋಳು) ಬೇಕು, ಪಿಸ್ಟನ್‌ನಲ್ಲಿ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್‌ಗೆ (ಸ್ಪ್ರಿಂಗ್ ಬಳೆ) ತೋಡು ಕೊರೆದಿರಬೇಕು.

ಪಿಸ್ಟನ್ 0.50 ಮಿ.ಮೀ. ಓವರ್‌ಸೈಜ್, ಅಂದರೆ ಕಂಪನಿ ಅಳತೆಗಿಂತ ದೊಡ್ಡದು, 74.5 ಮಿ.ಮೀ. ಈಗ ಎಂಜಿನ್ ಸುಮಾರು 1316 ಸಿಸಿ. ಒಂದು ಸಿಲಿಂಡರ್‌ಗೆ 329 ಸಿಸಿ ಬರುತ್ತದೆ. ಕಂಪ್ರೆಶನ್ (ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎನ್ನುವ ಅನುಪಾತ) 9.5 ಇರಬೇಕು ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 38.7 ಸಿಸಿ ಇರಬೇಕು. ಹೆಡ್‌ನ ಗುಳಿ, ಗ್ಯಾಸ್ಕೆಟ್, ವಾಲ್ವ್ ಪಾಕೆಟ್ ಎಲ್ಲ ಇದರಲ್ಲೇ ಸೇರಿತು. ನಾವು ಬ್ಯುರೆಟ್‌ನಲ್ಲಿ ಎಣ್ಣೆ ಬಿಟ್ಟು ಅಳೆದೆವು. ಬಂಕ್‌ನ ಸಾದಾ ಪೆಟ್ರೋಲ್‌ನಲ್ಲೇ ಓಡಬೇಕಾದ ಕಾರು, ಕಂಪ್ರೆಶನ್ ಸುಮ್ನೆ ಏರಿಸಿದರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಬರುವ ಬಡಿತ) ಶುರುವಾಗುತ್ತದೆ.

ಭೋಸರಿ ಕಡೆಯ ಒಂದು ಲೇಥ್‌ನವರು ಪಿಸ್ಟನ್ ಬರುವ ಮುಂಚೆಯೇ ಬ್ಲಾಕ್‌ನ ಸಿಲಿಂಡರ್‌ಗಳನ್ನು ಬೋರ್ ಮಾಡಿ (ಕೊರೆದು ಅಗಲಿಸಿ) ಇಡುತ್ತೇವೆ ಅಂದರು. ನಾನು ಒಪ್ಪಲಿಲ್ಲ, ಬ್ಲಾಕ್ ಬೇರೆ ಕಡೆ ಒಯ್ದೆ. ಪಿಸ್ಟನ್ ಕೈಗೆ ಬಂದ ಮೇಲೆ ನಾಲ್ಕನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು, ನಂಬರ್ ಹಾಕಿ, ಆಯಾ ಸಿಲಿಂಡರನ್ನು ಅದರ ಪಿಸ್ಟನ್‌ಗೆ ತಕ್ಕಂತೆ ಹೋನ್ ಮಾಡಬೇಕು (ಒಳಗೋಡೆಯನ್ನು ಕಲ್ಲಿನಿಂದ ನಯವಾಗಿ ಉಜ್ಜಿ ಅಳತೆಗೆ ತರುವುದು). ಇದು ಅಲ್ಯೂಮಿನಿಯಂ ಬ್ಲಾಕ್. ಹೆಡ್ ಬೋಲ್ಟ್ ಬಿಗಿದಾಗ ಬೋರ್‌ನ ಆಕಾರ ಸ್ವಲ್ಪ ಕೆಡುತ್ತದೆ. ಆದ್ದರಿಂದ ಟಾರ್ಕ್ ಪ್ಲೇಟ್ (ಹೆಡ್‌ನ ಬದಲು ಬಿಗಿಯುವ ದಪ್ಪ ತಟ್ಟೆ) ಹಾಕಿ ಹೋನ್ ಮಾಡುವವರನ್ನೇ ಹುಡುಕಿ. ಈ ಒಂದು ವಿಷಯದಲ್ಲಿ ಹಟ ಮಾಡಿ, ತಪ್ಪಿಲ್ಲ.

ಫೋರ್ಜ್ಡ್‌ನಲ್ಲೂ ಎರಡು ಅಲಾಯ್ ಜಾಸ್ತಿ ಸಿಗುತ್ತವೆ. 4032ರಲ್ಲಿ ಸುಮಾರು 12% ಸಿಲಿಕಾನ್ ಇರುತ್ತದೆ, ಬಿಸಿಗೆ ಕಡಿಮೆ ಹಿಗ್ಗುತ್ತದೆ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಪೆಟ್ಟು ತಾಳುತ್ತದೆ, ಆದರೆ ಜಾಸ್ತಿ ಹಿಗ್ಗುವುದರಿಂದ ಕ್ಲಿಯರೆನ್ಸ್ (ಪಿಸ್ಟನ್‌ಗೂ ಬೋರ್‌ಗೂ ನಡುವಿನ ಸಂದು) ಜಾಸ್ತಿ ಬಿಡಬೇಕು. ದಿನಾ ಓಡಿಸುವ, ಟರ್ಬೊ ಇಲ್ಲದ ಕಾರಿಗೆ 4032 ಸರಿ. ನನ್ನದು ಅದೇ, ಕ್ಲಿಯರೆನ್ಸ್ 0.05 ಮಿ.ಮೀ. ಪಿಸ್ಟನ್‌ನ ಟಾಪ್ ರಿಂಗ್ ಗ್ಯಾಪ್ (ರಿಂಗ್‌ನ ಎರಡು ತುದಿಗಳ ನಡುವಿನ ಸಂದು) 0.30 ಮಿ.ಮೀ., ಎರಡನೆಯದು ಸ್ವಲ್ಪ ಜಾಸ್ತಿ.

ರಾಡ್ ಬಗ್ಗೆ ಒಂದು ಮಾತು. 6000 ಆರ್‌ಪಿಎಂನಿಂದ 7000ಕ್ಕೆ ಹೋದರೆ ರಾಡ್ ಬೋಲ್ಟ್ ಮೇಲಿನ ಎಳೆತ ಸುಮಾರು 36% ಏರುತ್ತದೆ, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಆಟೊಕ್ರಾಸ್ ಆಡುವವರು ಬೋಲ್ಟ್‌ಗೆ ದುಡ್ಡು ಹಾಕಲೇಬೇಕು. ಬರೀ ಆಫೀಸು, ಊರು ಅಂತ ಓಡಿಸುವವರಿಗೆ ಕಂಪನಿ ರಾಡ್ ಚೆಕ್ ಮಾಡಿಸಿ, ಹೊಸ ಬೋಲ್ಟ್ ಹಾಕಿಸಿ, ತೂಕ ಸರಿದೂಗಿಸಿದರೆ ಸಾಕು.

ಈಗ ಹೇಗಿದೆ? ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಟಕಟಕ ಕೇಳುತ್ತದೆ. ಎಂಜಿನ್ ಬಿಸಿಯಾದರೆ ನಿಲ್ಲುತ್ತದೆ. ಪಿಸ್ಟನ್ ಹಿಗ್ಗಿ ಬೋರ್‌ಗೆ ಕೂರುವವರೆಗಿನ ಸದ್ದು ಅದು, ಹೆದರಬೇಕಿಲ್ಲ. ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಆಯಿಲ್ ಸೇರಿಸಬೇಕಾಗಿ ಬಂದಿಲ್ಲ. ನಾಲ್ಕೂ ಸಿಲಿಂಡರ್‌ನ ಕಂಪ್ರೆಶನ್ ಹೆಚ್ಚುಕಮ್ಮಿ ಸಮ ಇದೆ. ಫಿಲ್ಟರ್ ಕತ್ತರಿಸಿ ನೋಡಿದಾಗ ಲೋಹದ ಚೂರು ಕಾಣಲಿಲ್ಲ. ಮೇ ತಿಂಗಳ ಬಿಸಿಲಲ್ಲಿ, ಎಸಿ ಹಾಕಿಕೊಂಡು, ನಾಲ್ಕು ಜನ ಕೂತು ಖಂಬಾಟ್ಕಿ ಘಾಟಿ ಹತ್ತುವಾಗಲೂ ನಾಕಿಂಗ್ ಇಲ್ಲ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಅದು.

ಕೊರತೆ ಅಂದರೆ ಬಿಡಿಭಾಗ. ಕಂಪನಿ ಅಳತೆಯ ರಿಂಗ್ ಪುಣೆಯ ನಾನಾ ಪೇಠೆಯಲ್ಲಿ ಕೇಳಿದರೆ ಸಿಗುತ್ತದೆ. ಈ ಪಿಸ್ಟನ್‌ನ ರಿಂಗ್‌ನ ದಪ್ಪವೇ ಬೇರೆ, ಹೊರಗಿನಿಂದ ತರಿಸಬೇಕು. ಪಿಸ್ಟನ್ ಕೊಳ್ಳುವಾಗಲೇ ಇನ್ನೊಂದು ಸೆಟ್ ರಿಂಗ್, ಒಂದಿಷ್ಟು ಸರ್ಕ್ಲಿಪ್ ಸೇರಿಸಿ ಆರ್ಡರ್ ಮಾಡಿ.