ಮರ್ಯಾದೆಯ ಬೆಲೆ: ನಗೀಬ್ ಮಹ್ಫೂಜ್ ಅವರ ‘ಆದಿ ಮತ್ತು ಅಂತ್ಯ’

1988ರಲ್ಲಿ ನೊಬೆಲ್ ಪಡೆದ ಈಜಿಪ್ಟಿನ ಲೇಖಕ ನಗೀಬ್ ಮಹ್ಫೂಜ್ ಅವರ ಈ ಕಾದಂಬರಿ ಅರಬ್ಬಿಯಲ್ಲಿ ಪ್ರಕಟವಾದದ್ದು 1949ರಲ್ಲಿ. ನಾನು ಓದಿದ್ದು ರಮ್ಸೀಸ್ ಅವದ್ ಅವರ ಇಂಗ್ಲಿಷ್ ಅನುವಾದವನ್ನು. ಕಥೆ ನಡೆಯುವುದು 1930ರ ದಶಕದ ಕೈರೋ ನಗರದ ಶುಬ್ರಾ ಬಡಾವಣೆಯಲ್ಲಿ. ಸರ್ಕಾರಿ ಗುಮಾಸ್ತನೊಬ್ಬ ಹಠಾತ್ತನೆ ತೀರಿಕೊಳ್ಳುತ್ತಾನೆ; ಹೆಂಡತಿ ಸಮೀರಾ, ಮೂವರು ಗಂಡುಮಕ್ಕಳು ಮತ್ತು ಮದುವೆಯಾಗದ ಮಗಳು ನಫೀಸಾ ಒಂದು ಸಣ್ಣ ಪಿಂಚಣಿಯನ್ನೇ ನಂಬಿ ಬದುಕಬೇಕಾಗುತ್ತದೆ.

ಬಡತನವನ್ನು ಮಹ್ಫೂಜ್ ಕಣ್ಣೀರಿನಿಂದಲ್ಲ, ಲೆಕ್ಕದಿಂದ ತೋರಿಸುತ್ತಾರೆ. ದುಃಖ ಇನ್ನೂ ಹಸಿಯಾಗಿರುವಾಗಲೇ ತಾಯಿ ಮಕ್ಕಳನ್ನು ಕೂರಿಸಿಕೊಂಡು, ಇನ್ನು ಕೈಖರ್ಚಿಗೆ ಕಾಸಿಲ್ಲ, ಶಾಲೆಯಲ್ಲಿ ಕೊಡುವ ಮಧ್ಯಾಹ್ನದ ಊಟವನ್ನೇ ಹೊಟ್ಟೆ ತುಂಬ ಉಣ್ಣಬೇಕು ಎಂದು ಹೇಳಿಬಿಡುತ್ತಾಳೆ. ಬಾಡಿಗೆ ಉಳಿಸಲು ಮೇಲಂತಸ್ತಿನ ಮನೆ ಬಿಟ್ಟು ನೆಲಮಹಡಿಗೆ ಇಳಿಯುತ್ತಾರೆ. ಪೀಠೋಪಕರಣಗಳು ಒಂದೊಂದಾಗಿ ಮಾರಾಟವಾಗುತ್ತವೆ. ಎಫೆಂದಿ ಎಂದು ಕರೆಸಿಕೊಳ್ಳುವ, ಸಂಬಳದ ಕೆಲಸವನ್ನೇ ಗೌರವವೆಂದು ತಿಳಿದ ಈ ವರ್ಗಕ್ಕೆ ಹಸಿವಿಗಿಂತ ನೆರೆಹೊರೆಯವರ ನೋಟವೇ ಹೆಚ್ಚು ಚುಚ್ಚುತ್ತದೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದ ಬೇರೆ ಕಾದಂಬರಿಯನ್ನು ನಾನು ಓದಿಲ್ಲ.

ಆ ಮರ್ಯಾದೆಯ ಬೆಲೆಯನ್ನು ತೆರುವವಳು ನಫೀಸಾ. ಹವ್ಯಾಸಕ್ಕೆಂದು ಕಲಿತ ಹೊಲಿಗೆ ಈಗ ಮನೆಯ ಆದಾಯ. ಕೂಲಿಗೆ ಹೊಲಿಯುವುದು ಅವಮಾನವೆಂದು ಮಿಡುಕುವ ತಮ್ಮ ಹಸನೈನ್ ಮಾತ್ರ ಅದೇ ಆದಾಯದ ಊಟ ಉಣ್ಣುತ್ತಾನೆ. ದಿನಸಿ ಅಂಗಡಿಯವನ ಮಗ ಮದುವೆಯ ಆಸೆ ತೋರಿಸಿ ಅವಳನ್ನು ಕೈಬಿಡುವ ಅಧ್ಯಾಯಗಳನ್ನು ನಾನು ಒಂದೇ ಉಸಿರಿಗೆ ಓದಲಾರದೆ ಪುಸ್ತಕ ಮುಚ್ಚಿಟ್ಟೆ. ಹಸನೈನ್ ಸೈನ್ಯದ ಅಧಿಕಾರಿಯಾಗುವ ದಾರಿಗೆ ಹಣ ಒದಗುವುದೂ ಅಡ್ಡದಾರಿ ಹಿಡಿದ ಹಿರಿಯಣ್ಣ ಹಸನ್‌ನಿಂದಲೇ. ದುಡ್ಡು ಎಲ್ಲಿಂದ ಬಂತೆಂದು ಕೆದಕಲು ಯಾರಿಗೂ ಧೈರ್ಯವಿಲ್ಲ.

ಕೊರತೆಗಳೂ ಇವೆ. ನಫೀಸಾಳಿಗೆ ರೂಪವಿಲ್ಲವೆಂದು ನಿರೂಪಕ ಮತ್ತೆ ಮತ್ತೆ ಹೇಳುವುದು ಬೇಸರ ತರಿಸುತ್ತದೆ. ಹಸನೈನ್‌ಗೆ ನಿಶ್ಚಯವಾಗಿದ್ದ ಬಹಿಯಾಳಿಗೆ ಒಳಮನಸ್ಸೇ ಸಿಕ್ಕಿಲ್ಲ. ಮಹ್ಫೂಜ್ ಕೈರೋದ ಆಡುಮಾತನ್ನು ಬಿಟ್ಟು ಗ್ರಾಂಥಿಕ ಅರಬ್ಬಿಯಲ್ಲೇ ಸಂಭಾಷಣೆ ಬರೆಯುತ್ತಿದ್ದವರು. ಇಂಗ್ಲಿಷಿನಲ್ಲಿ ಆ ಬಿಗಿತ ಇನ್ನಷ್ಟು ಎದ್ದು ಕಾಣುತ್ತದೆ. 1960ರಲ್ಲಿ ಸಲಾಹ್ ಅಬು ಸೈಫ್ ಇದನ್ನು ಚಲನಚಿತ್ರವಾಗಿಸಿದ್ದು, ಹಸನೈನ್ ಆಗಿ ಒಮರ್ ಷರೀಫ್ ನಟಿಸಿದ್ದಾರೆ.

ನೈಲ್ ದಂಡೆಯ ಕೊನೆಯ ಪುಟಗಳ ಬಗ್ಗೆ ಹೆಚ್ಚಿನವರು ಮಾತಾಡುತ್ತಾರೆ. ನಾನು ಮತ್ತೆ ತೆರೆಯುವುದು ಮಾತ್ರ ನಡುವಣ ಮಗ ಹುಸೇನ್‌ನ ಅಧ್ಯಾಯಗಳನ್ನು. ಮುಂದಿನ ಓದು ಬಿಟ್ಟು ತಾಂತಾ ಊರಿನಲ್ಲಿ ಗುಮಾಸ್ತನಾದ ಅವನು ಮನೆಗೆ ಹಣ ಕಳಿಸುತ್ತಿರುತ್ತಾನೆ. ಮಗ ಎಲ್ಲಿ ಮದುವೆ ಮಾಡಿಕೊಂಡುಬಿಡುತ್ತಾನೋ ಎಂಬ ಭಯದಿಂದ ಕೈರೋದಿಂದ ಅಷ್ಟು ದೂರ ಹೊರಟು ಬರುವ ಸಮೀರಾಳನ್ನು ಕಂಡಾಗ ಸಿಟ್ಟು ಬರುವುದಿಲ್ಲ, ಗಂಟಲು ಕಟ್ಟುತ್ತದೆ.