ತೊನ್ನಿನ ಮಚ್ಚೆಗೆ ಡಿಎಚ್‌ಎ ಲೋಷನ್: ಎರಡು ವರ್ಷ ಹಚ್ಚಿದ ಮೇಲೆ

ಬಿಳಿ ಮಚ್ಚೆ ಮರೆಮಾಡಲು ಚರ್ಮದ ಡಾಕ್ಟರು ಬರೆದುಕೊಡುವ 5% ಡೈಹೈಡ್ರಾಕ್ಸಿಅಸಿಟೋನ್ (ಡಿಎಚ್‌ಎ) ಲೋಷನ್ ಇದು. ಇದರಿಂದ ತೊನ್ನು ವಾಸಿಯಾಗುವುದಿಲ್ಲ, ಹರಡುವುದೂ ನಿಲ್ಲುವುದಿಲ್ಲ. ಬರುವುದು ಬಣ್ಣ ಮಾತ್ರ. ಆದರೆ ಆ ಬಣ್ಣ ಮೇಕಪ್ಪಿನ ಹಾಗೆ ಕಾಲರಿಗೆ ಮೆತ್ತಿಕೊಳ್ಳುವುದಿಲ್ಲ, ಒಂದು ಸ್ನಾನಕ್ಕೆ ಹೋಗುವುದೂ ಇಲ್ಲ. ನಾನು ಇದನ್ನು ಮೆಚ್ಚುವುದು ಈ ಒಂದು ಕಾರಣಕ್ಕೆ.

ಡಿಎಚ್‌ಎ ಒಂದು ಬಗೆಯ ಸಕ್ಕರೆ. ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿರುವ ಅಮೈನೋ ಆಮ್ಲಗಳ ಜೊತೆ ಸೇರಿ ಕಂದಾಗುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಸಂಶೋಧಕಿ ಇವಾ ವಿಟ್ಗೆನ್‌ಸ್ಟೈನ್ ಕಾಯಿಲೆಯ ಮಕ್ಕಳಿಗೆ ಇದನ್ನು ಔಷಧವಾಗಿ ಕುಡಿಸುತ್ತಿದ್ದಾಗ, ಚೆಲ್ಲಿದ ಕಡೆ ಮೈ ಕಂದಾಗಿದ್ದನ್ನು ಗಮನಿಸಿದರು. ಹಚ್ಚಿದ 2–4 ಗಂಟೆಗೆ ಬಣ್ಣ ಕಾಣತೊಡಗಿ, ಮಾರನೇ ದಿನಕ್ಕೆ ಪೂರ್ತಿ ಬರುತ್ತದೆ. ಮೇಲ್ಪದರ ಉದುರಿದಂತೆ 5–7 ದಿನದಲ್ಲಿ ಮಾಸುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಮಚ್ಚೆಯ ಅಂಚಿನಲ್ಲಿ. ಲೋಷನ್ ಪಕ್ಕದ ಚರ್ಮಕ್ಕೆ ತಾಗಿದರೆ ಅದೂ ಕಪ್ಪಾಗಿ, ಮಚ್ಚೆಯ ಸುತ್ತ ಬಳೆಯಂತೆ ಗೆರೆ ಏಳುತ್ತದೆ. ಹಾಗಾಗದಿರಲು, ಮೊದಲು ಇಯರ್ ಬಡ್‌ನಿಂದ ಮಚ್ಚೆಯ ಹೊರಗೆ ಸುತ್ತಲೂ ವ್ಯಾಸಲೀನ್ ತೆಳ್ಳಗೆ ಎಳೆಯಬೇಕು. ಒಳಗೆ ಬಿದ್ದರೆ ಅಷ್ಟು ಜಾಗ ಬೆಳ್ಳಗೇ ಉಳಿಯುತ್ತದೆ. ಆಮೇಲೆ ಇನ್ನೊಂದು ಬಡ್‌ನ ತುದಿಗೆ ಲೋಷನ್ ತಗೊಂಡು ನಡುವಿನಿಂದ ಅಂಚಿನ ಕಡೆಗೆ ಸವರಿ, ಅಂಚು ಒಂದು ಮಿಲಿಮೀಟರ್ ದೂರ ಇರುವಾಗಲೇ ನಿಲ್ಲಿಸಿ. ತಾನಾಗಿ ಹರಡಿ ಅಲ್ಲಿಗೆ ಮುಟ್ಟುತ್ತದೆ.

ರಾತ್ರಿ ಹಚ್ಚುವುದೇ ಸರಿ. ಮೈ ತೊಳೆದು ಪೂರ್ತಿ ಒರೆಸಿರಬೇಕು, ಎಣ್ಣೆ, ಕ್ರೀಮ್ ಇರಬಾರದು. 15 ನಿಮಿಷ ಒಣಗಲು ಬಿಟ್ಟು, ಕನಿಷ್ಠ 6 ಗಂಟೆ ನೀರು ತಾಗಿಸಬೇಡಿ. ಎಣ್ಣೆಗೆಂಪು, ಗೋಧಿಬಣ್ಣದವರಿಗೆ ಒಂದೆರಡು ಸಲ ಸಾಕು. ಕಪ್ಪು ಮೈಬಣ್ಣದವರು ದಿನಕ್ಕೊಂದು ಸಲದಂತೆ ಮೂರು ರಾತ್ರಿ ಹಚ್ಚಬೇಕಾದೀತು. ಒಂದೇ ರಾತ್ರಿ ದಪ್ಪಗೆ ಬಳಿದರೆ ಕಂದಿನ ಬದಲು ಕಿತ್ತಳೆ ಬಣ್ಣ ಬರುತ್ತದೆ. ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯದಿದ್ದರೆ ಅಂಗೈಗೂ ಬಣ್ಣ ಹತ್ತುತ್ತದೆ.

ಎಲ್ಲ ಜಾಗಕ್ಕೂ ಒಂದೇ ಫಲ ಸಿಗದು. ಮುಂದೋಳು, ಹೊಟ್ಟೆ, ಕಾಲಿನ ಮೇಲೆ ಚೆನ್ನಾಗಿ ಕೂರುತ್ತದೆ. ಮೊಣಕೈ, ಮಂಡಿ, ಹರಡಿನ ಒರಟು ಚರ್ಮ ಹೆಚ್ಚು ಹೀರಿ ಕಪ್ಪಾಗುತ್ತದೆ. ಅಲ್ಲಿ ಅರ್ಧ ಪ್ರಮಾಣ ಸಾಕು. ಬೆರಳಿನ ಮೇಲೆ, ಪಾತ್ರೆ ತೊಳೆಯುವವರಿಗಂತೂ, 2–3 ದಿನವೂ ನಿಲ್ಲದು. ತುಟಿ, ಕಣ್ಣಿನ ಅಂಚಿಗೆ ಮುಟ್ಟಿಸಲೇಬಾರದು. ಅಲ್ಲಿಗೆ ಮೇಕಪ್ಪೇ ಗತಿ.

ಬಣ್ಣ ಹೆಚ್ಚಾದರೆ ನಿಂಬೆಹಣ್ಣು, ಕಲ್ಲು, ಸ್ಕ್ರಬ್ ತೆಗೆದುಕೊಂಡು ಉಜ್ಜಬೇಡಿ. ತೊನ್ನಿದ್ದವರ ಚರ್ಮಕ್ಕೆ ಗಾಯವಾದ ಕಡೆ ಹೊಸ ಮಚ್ಚೆ ಹುಟ್ಟಬಹುದು. ಕೊಬ್ನರ್ ಪರಿಣಾಮ ಎನ್ನುವುದು ಇದನ್ನೇ. ಕೊಬ್ಬರಿ ಎಣ್ಣೆ ಹಚ್ಚಿ 20 ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಎರಡು ದಿನ ಕಾಯಿರಿ.

ಈ ಕಂದು ಬಣ್ಣ ಬಿಸಿಲನ್ನು ಹೆಚ್ಚು ತಡೆಯುವುದಿಲ್ಲ, ಅದನ್ನೇ ನಂಬಿ ಹೊರಗೆ ನಿಂತರೆ ಮಚ್ಚೆ ಸುಟ್ಟು ಬೊಬ್ಬೆ ಏಳಬಹುದು. ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಪ್ರತ್ಯೇಕ ಬೇಕು. ಅತ್ತ, ಫೋಟೊಥೆರಪಿ (ಬೆಳಕಿನ ಕಿರಣದ ಚಿಕಿತ್ಸೆ) ಮಾಡಿಸಿಕೊಳ್ಳುತ್ತಿದ್ದರೆ ಇದೇ ಪದರ ಕಿರಣಗಳನ್ನು ಸ್ವಲ್ಪ ತಡೆದೀತು. ಲೋಷನ್ ಹಚ್ಚುತ್ತಿರುವುದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮೊದಲ ಸಲವಾದರೆ ಮೊಣಕೈಯ ಒಳಗೆ ಸ್ವಲ್ಪ ಹಚ್ಚಿ 48 ಗಂಟೆ ನೋಡಿ. ತುರಿಕೆ ಬಂದರೆ ಬಿಟ್ಟುಬಿಡಿ. ಬಾಟಲಿಯನ್ನು ಕಿಟಕಿ ಹತ್ತಿರ, ಬಿಸಿ ಬಚ್ಚಲಲ್ಲಿ ಇಡಬೇಡಿ. ಲೋಷನ್ ಬಣ್ಣ ತಿರುಗಿ ವಾಸನೆ ಬದಲಾದರೆ ಅದರ ಕಸುವು ಹೋಗಿದೆ ಎಂದರ್ಥ, ಹೊಸದು ತನ್ನಿ.