ಲ್ಯಾಕರ್ ಡಯಲ್, ಕಲ್ಲಿನ ಡಯಲ್: ಕೊಡಗಿನಲ್ಲಿ ಕಟ್ಟಿ ನೋಡಿದ ಎರಡು ಚಿನ್ನದ ವಾಚುಗಳು

ಬಣ್ಣದ ಡಯಲ್ ಇರುವ ಹಳೆಯ ಚಿನ್ನದ ವಾಚನ್ನು ಹುಡುಕುವವರ ಕಣ್ಣು ಸಾಮಾನ್ಯವಾಗಿ ಎರಡರ ಮೇಲೆ ನಿಲ್ಲುತ್ತದೆ: 1970ರ ದಶಕದ ರೋಲೆಕ್ಸ್ ಡೇ-ಡೇಟ್‌ನಲ್ಲಿ ಬರುವ ‘ಸ್ಟೆಲ್ಲಾ’ ಎಂಬ ಲ್ಯಾಕರ್ (ಹೊಳಪಿನ ಬಣ್ಣದ ಲೇಪ) ಡಯಲ್, ಇಲ್ಲವೇ ಸರಿಸುಮಾರು ಅದೇ ಕಾಲದ ಪಿಯಾಜೆ ವಾಚಿನ ಕಲ್ಲಿನ ಡಯಲ್. ನನ್ನ ಬಳಿ ಮೊದಲನೆಯದರಲ್ಲಿ ಹಸಿರು, ಎರಡನೆಯದರಲ್ಲಿ ಲ್ಯಾಪಿಸ್ ಲಜುಲಿಯ ನೀಲಿ ಇದೆ. ಮಡಿಕೇರಿಯ ಮಳೆಯಲ್ಲಿಯೂ ಮದುವೆ ಮನೆಗಳಲ್ಲಿಯೂ ಎರಡನ್ನೂ ಕಟ್ಟಿ ನೋಡಿದ ಮೇಲೆ ಇವುಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ನನ್ನ ಉತ್ತರ ಋತುವಿಗೆ ತಕ್ಕಂತೆ ಬದಲಾಗುತ್ತದೆ.

ಬಣ್ಣವೊಂದನ್ನೇ ನೋಡುವುದಾದರೆ ಕಲ್ಲಿಗೆ ಸಾಟಿಯಿಲ್ಲ. ಸ್ಟೆಲ್ಲಾ ಡಯಲ್‌ನಲ್ಲಿ ಲ್ಯಾಕರನ್ನು ಪದರದ ಮೇಲೆ ಪದರವಾಗಿ ಬಳಿದಿರುವುದರಿಂದ ಹೊಳಪು ಆಳವಾಗಿ ಕಾಣುತ್ತದೆ ನಿಜ, ಆದರೆ ಮೇಲ್ಭಾಗದಲ್ಲಿ ವಾರದ ಹೆಸರಿನ ಕಿಂಡಿ, ಬಲಕ್ಕೆ ತಾರೀಖಿನ ಕಿಂಡಿ ಸೇರಿ ಆ ಹಸಿರನ್ನು ಎರಡು ಕಡೆ ಕತ್ತರಿಸುತ್ತವೆ. ವಾರದ ಹೆಸರನ್ನು ಪೂರ್ಣವಾಗಿ ಬರೆದು ತೋರಿಸುವುದೇ 1956ರಲ್ಲಿ ಬಂದ ಡೇ-ಡೇಟ್‌ನ ಹೆಗ್ಗಳಿಕೆಯಾದ್ದರಿಂದ ಅದನ್ನು ದೂರುವಂತಿಲ್ಲ. ಲ್ಯಾಪಿಸ್‌ನಲ್ಲಿ ಕಿಂಡಿಗಳಿಲ್ಲ, ಸೆಕೆಂಡಿನ ಮುಳ್ಳೂ ಇಲ್ಲ. ಕಡುನೀಲಿಯ ನಡುವೆ ಪೈರೈಟ್ ಎಂಬ ಖನಿಜದ ಚಿನ್ನದ ಬಣ್ಣದ ಚುಕ್ಕಿಗಳು ಚದುರಿವೆ. ನನ್ನ ವಾಚಿನಲ್ಲಿ ನಾಲ್ಕು ಗಂಟೆಯ ಗುರುತಿನ ಬಳಿ ಅಂಥ ಚುಕ್ಕಿಗಳು ಗುಂಪುಗೂಡಿ ಒಂದು ಓರೆಗೆರೆಯಾಗಿವೆ, ಜಗಲಿಯ ಬೆಳಕಿಗೆ ಮಣಿಕಟ್ಟು ತಿರುಗಿಸಿದಾಗ ಮಾತ್ರ ಅದು ಮಿನುಗುತ್ತದೆ.

ಕಲ್ಲಿನ ಬಿಲ್ಲೆಯನ್ನು ಎಷ್ಟೇ ತೆಳ್ಳಗೆ ಕೊಯ್ದರೂ ಅದು ವಾಚಿನ ದಪ್ಪವನ್ನು ಹೆಚ್ಚಿಸುತ್ತದೆ. 1957ರಲ್ಲಿ ಪಿಯಾಜೆ ಹೊರತಂದ 9ಪಿ ಎಂಬ ಕೀ ಕೊಡುವ ಯಂತ್ರ ಕೇವಲ 2 ಮಿಲಿಮೀಟರ್ ದಪ್ಪವಿದ್ದುದರಿಂದಲೇ 1960ರ ದಶಕದಲ್ಲಿ ಇಂಥ ಡಯಲ್‌ಗಳನ್ನು ಕೂರಿಸಿಯೂ ಅಂಗಿಯ ತೋಳಿನೊಳಗೆ ಜಾರುವಂಥ ವಾಚುಗಳನ್ನು ಮಾಡಲು ಸಾಧ್ಯವಾಯಿತು. ಕೊಡವರ ಸಾಂಪ್ರದಾಯಿಕ ನಿಲುವಂಗಿಯಾದ ಕುಪ್ಯಚೇಲೆ ತೊಟ್ಟ ದಿನ ಅದರ ಅರ್ಧ ತೋಳಿನ ಕೆಳಗೆ ಬಿಳಿ ಅಂಗಿಯ ತೋಳು ಇರುತ್ತದಲ್ಲ, ಅದರೊಳಗೆ ಪಿಯಾಜೆ ಇರುವುದೇ ಮರೆತುಹೋಗುತ್ತದೆ. 36 ಮಿಲಿಮೀಟರ್‌ನ ಡೇ-ಡೇಟ್ ತನ್ನ ಚಿನ್ನದ ಚೈನಿನ ಭಾರದಿಂದ ಪ್ರತಿ ಕ್ಷಣವೂ ನೆನಪಾಗುತ್ತಲೇ ಇರುತ್ತದೆ, ಅದನ್ನೇ ಮೆಚ್ಚುವವರೂ ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ.

ಕೊಡಗಿನಲ್ಲಿ ಮಳೆ ಜೋರಾಗಿರುವ ಕಕ್ಕಡ ಮಾಸ ಬಂದಿತೆಂದರೆ ಲೆಕ್ಕ ತಲೆಕೆಳಗಾಗುತ್ತದೆ. ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ಪಿಯಾಜೆಯಂಥ ತೆಳು ಕೇಸಿನ, ಒತ್ತಿ ಮುಚ್ಚುವ ಹಿಂಬದಿಯ ವಾಚನ್ನು ಕಟ್ಟಿಕೊಂಡು ಹೊರಗೆ ಹೋಗುವುದು ವಿವೇಕವಲ್ಲ. ಅದಕ್ಕೆ ಹಾಕಿದ ಚರ್ಮದ ಬೆಲ್ಟಂತೂ ಹಾಳಾಗುವುದು ಖಂಡಿತ. ಡೇ-ಡೇಟ್‌ನ ಹಿಂಬದಿಯೂ ಕೀಯೂ ತಿರುಪಿನಿಂದ ಬಿಗಿಯುವಂಥವು. ಹಳೆಯ ರಬ್ಬರ್ ವಾಷರ್‌ಗಳನ್ನು ಬದಲಿಸಿದ ಮೇಲೆ ನಾನು ಅದನ್ನು ಮಳೆಗಾಲದಲ್ಲಿ ಧೈರ್ಯವಾಗಿ ಕಟ್ಟುತ್ತೇನೆ, ಆದರೆ ನೀರಿನಲ್ಲಿ ಮುಳುಗಿಸುವುದಿಲ್ಲ. ಲ್ಯಾಕರಿಗೂ ತೇವ ಶತ್ರುವೇ: ಅಂಚಿನಲ್ಲಿ ಕೂದಲೆಳೆಯ ಬಿರುಕುಗಳು ಕಾಣಿಸಿಕೊಳ್ಳುವುದು ಸ್ಟೆಲ್ಲಾ ಡಯಲ್‌ಗಳ ಬಗ್ಗೆ ಸಂಗ್ರಾಹಕರೆಲ್ಲ ಬಲ್ಲ ಸಂಗತಿ. ಕಲ್ಲು ತೇವಕ್ಕೆ ಅಷ್ಟಾಗಿ ಅಂಜದಿದ್ದರೂ ಕೈ ತಪ್ಪಿ ಬಿದ್ದರೆ ಸೀಳುತ್ತದೆ, ಸೀಳಿದ ಬಿಲ್ಲೆಯನ್ನು ಸರಿಪಡಿಸುವ ದಾರಿಯಿಲ್ಲ. ಹಸಿರೇ ಬೇಕೆಂದು ಮ್ಯಾಲಕೈಟ್ ಕಲ್ಲನ್ನು ಆರಿಸುವವರು ಅದು ಲ್ಯಾಪಿಸ್‌ಗಿಂತಲೂ ಮೆದು ಎಂಬುದನ್ನು ಗಮನಿಸಬೇಕು.

ನಿತ್ಯದ ಬಳಕೆಯಲ್ಲಿ ಡೇ-ಡೇಟ್‌ನ 1803 ಮಾದರಿಯದು ಒಂದೇ ಕಿರಿಕಿರಿ. ನಿಂತುಹೋದ ವಾಚಿನ ವಾರ, ತಾರೀಖುಗಳನ್ನು ಸರಿಪಡಿಸಲು ಮುಳ್ಳುಗಳನ್ನು ಹನ್ನೆರಡರಾಚೆ ಮತ್ತೆ ಮತ್ತೆ ತಿರುಗಿಸುತ್ತ ಕೂರಬೇಕು.

ಇವೆರಡಕ್ಕಿಂತ ಅಗ್ಗದ ಮೂರನೆಯ ದಾರಿಯೊಂದಿದೆ: ಹಳೆಯ ಚಿನ್ನದ ಕೇಸಿಗೆ ಹೊಸದಾಗಿ ಬಣ್ಣ ಬಳಿದ ಡಯಲ್. ಅಂಥ ಕೆಂಪು ಡಯಲ್‌ನ ವಾಚೊಂದನ್ನು ಕೆಲವು ಕಾಲ ಕಟ್ಟಿದ್ದೆ. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳ ಅಂಚು ಉಬ್ಬಿತ್ತು, ಗಂಟೆಯ ಗುರುತುಗಳ ಬುಡದಲ್ಲಿ ಬಣ್ಣ ಮಡುಗಟ್ಟಿತ್ತು. ಚಿನ್ನದ ತೂಕಕ್ಕಷ್ಟೇ ಬೆಲೆ ಕೊಡುವುದಾದರೆ ಅದೂ ಆಗಬಹುದು. ಸ್ಟೆಲ್ಲಾ ಎಂದು ಹೇಳಿ ಮಾರುವವರ ಬಳಿ ಮಾತ್ರ ಡಯಲನ್ನು ಕೇಸಿನಿಂದ ಹೊರತೆಗೆದು ಮುಂದೆ, ಹಿಂದೆ ತೆಗೆದ ಚಿತ್ರಗಳನ್ನು ಕೇಳಬೇಕು, ಲಗ್‌ಗಳ (ಬೆಲ್ಟು ಸೇರಿಸುವ ಕೇಸಿನ ಕೊಂಬುಗಳ) ಹಿಂಬದಿಯ ಚಿನ್ನದ ಮುದ್ರೆ ಪಾಲಿಶ್‌ಗೆ ಸವೆದಿದೆಯೇ ಎಂದೂ ನೋಡಬೇಕು, ಆಮೇಲಷ್ಟೇ ಬೆಲೆಯ ಮಾತಿಗಿಳಿಯಬೇಕು.